ಉಳ್ಳವರ ವಿಲಾಸವೆ?

ವಿದೇಶವ್ಯಾಸಂಗಕ್ಕೆ ಸರ್ಕಾರ ಹಣ ಕೊಡುವುದೆಂದರೆ ಉಳ್ಳವರ ವಿಲಾಸಕ್ಕೆ ಬೊಕ್ಕಸ ತೆರೆದಂತೆ, ಹೋದವರು ಮರಳರು ಎಂಬುದು ಲೇಖನವೊಂದರಲ್ಲಿ ಅದರ ಲೇಖಕರು ಮಂಡಿಸಿದ ವಾದ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ವರ್ಷಕ್ಕೆ 8 ಲಕ್ಷ ರೂಪಾಯಿ ಮೀರದ ವರಮಾನವುಳ್ಳ ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೃಷಿಕಾರ್ಮಿಕ ಮೊದಲಾದ ಕುಟುಂಬಗಳಿಗೆ ಮೀಸಲಾದುದೆಂಬುದನ್ನು ಅವರು ಗಮನಿಸಿದಂತಿಲ್ಲ. ಬಳ್ಳಾರಿಯಲ್ಲಿ ಪೀಸಿಗಿಷ್ಟೆಂಬ ಕೂಲಿಗೆ ಜೀನ್ಸ್ ಹೊಲಿಯುವವರ, ಸಿರುಗುಪ್ಪದ ಕೆಸರುಗದ್ದೆಯಲ್ಲಿ ಬೆನ್ನು ಬಾಗಿಸಿ ಭತ್ತ ನಾಟಿಮಾಡುವವರ ಮಕ್ಕಳೂ ಉಳ್ಳವರಾದರೆ ಇಲ್ಲದವರಾರು? ಮರಳುವ ಮಾತಿಗೆ, 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿ, ಮರಳಿ ಬಂದ ಅಂಬೇಡ್ಕರರ ನಿದರ್ಶನವೇ ಸಾಕು. ಎಲ್ಲರೂ ಅಂಬೇಡ್ಕರರಾಗರು, ನಿಜ. ಎಲ್ಲರೂ ಪಲಾಯನಗೈಯುವವರೂ ಅಲ್ಲ. ವಿದೇಶವ್ಯಾಸಂಗಕ್ಕೆ ದಿಟವಾದ ಅಡ್ಡಿಯೇ ಬೇರೆ: ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷಗಳ ಪದವಿಯನ್ನು ಅಪೇಕ್ಷಿಸುತ್ತಿರಲು, ನಮ್ಮ ರಾಜ್ಯವು 2024ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಕೈಬಿಟ್ಟು ಮೂರು ವರ್ಷಗಳ ಕ್ರಮಕ್ಕೆ ಹಿಂದಿರುಗಿತು. ಆ ವಿಷಯವಾಗಿ ಲೇಖಕರು ಒಂದಕ್ಷರವನ್ನೂ ಬರೆದಿಲ್ಲ.