ಹಳೇ ಬಂಪರ್ ಗುಜರಿಗೆ ಹಾಕಬೇಡಿ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಅಣೆಕಟ್ಟುಗಳು ಎಲ್ಲರಿಗೂ ಗೊತ್ತು. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಅವರು ಯೋಜನೆ ಬರೆದು ಓಡಾಡಿದ ಸಂಗತಿ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಬ್ರಿಟಿಷ್ ಸರ್ಕಾರ ಕೈಜೋಡಿಸಲಿಲ್ಲ. ಅದೇ ಕನಸು ಹೊತ್ತಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಇಟಲಿಯ ಫಿಯೆಟ್ 1100 ಅಲ್ಲೇ ತಯಾರಾಗುತ್ತಾ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಚಿಕ್ಕಬಳ್ಳಾಪುರ ಸೀಮೆಯ ಯಾವುದಾದರೂ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಪದ್ಮಿನಿ ಈ ಮಣ್ಣಿಗೆ ಹೊರಗಿನವಳಲ್ಲ.

ಇಂಥ ಗಾಡಿಯನ್ನು ಮತ್ತೆ ಹೊರಡಿಸಲು ಹೊರಟಾಗ ಮೊದಲು ಬಲಿಯಾಗುವುದು ಬಂಪರ್. ಹೊಳಪು ಹೋಗಿದೆ, ಅಲ್ಲಲ್ಲಿ ತುಕ್ಕು ಕಂಡಿದೆ ಎಂದು ಬಿಚ್ಚಿ ಗುಜರಿಗೆ ಹಾಕಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದಕ್ಕಾಗಿ ಹುಡುಕುತ್ತಾರೆ. ಇದು ತಪ್ಪು. ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ಆ ಉಕ್ಕಿನ ಪಟ್ಟಿಯ ಬಾಗು, ದಪ್ಪ, ಬೋಲ್ಟಿನ ತೂತು ಗಾಡಿಗೆ ಕೂಡಿಬಂದಷ್ಟು ನಕಲು ಕೂಡಿಬರುವುದಿಲ್ಲ. ಬಿಚ್ಚುವ ಕೆಲಸವನ್ನು ಮಾಲೀಕರೇ ಮನೆಯಂಗಳದಲ್ಲಿ ಮಾಡಿಕೊಂಡರೆ ಹಳೆಯದು ಕೈತಪ್ಪಿ ಹೋಗುವುದಿಲ್ಲ. ಬಂಪರಿನ ಹಿಂದೆ ವರ್ಷಗಟ್ಟಲೆ ಕೂತ ಮಣ್ಣು, ಅದರಡಿ ಬಾಡಿಯನ್ನು ತಿನ್ನುತ್ತಿರುವ ತುಕ್ಕು ಕಣ್ಣಿಗೆ ಬೀಳುವುದೂ ಆಗಲೇ.

ಕೆಲಸ ದೊಡ್ಡದಲ್ಲ, ತಾಳ್ಮೆಯದು. ಹಿಂದಿನ ದಿನವೇ ಅಡಿಗೆ ಬಗ್ಗಿ, ಬೋಲ್ಟಿನ ಮರೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಬೇಕು. ಬೆಳಿಗ್ಗೆ ಸರಿಯಾದ ಸ್ಪ್ಯಾನರ್ ಹಿಡಿಯಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಪದ್ಮಿನಿ ಇಟಲಿ ಮೂಲದ್ದು, ಅದರ ನಟ್ಟುಗಳು ಮಿಲಿಮೀಟರ್ ಲೆಕ್ಕದವು. ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು, ಅದರದು ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆಯೇ ಕಾಣುತ್ತದೆ, ಜೋರು ಹಾಕಿದೊಡನೆ ಜಾರಿ ನಟ್ಟಿನ ಮೂಲೆಗಳು ಸವೆದುಹೋಗುತ್ತವೆ. ಸರಿಯಳತೆಯ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ತುಕ್ಕಿನ ಹಿಡಿತ ಒಡೆದು, ಆಮೇಲೆ ಸಡಿಲಿಸಬೇಕು. ಕೊನೆಯ ಬೋಲ್ಟ್ ಬಿಚ್ಚುವಾಗ ಇನ್ನೊಬ್ಬರು ಬಂಪರ್ ಹಿಡಿದಿರಬೇಕು, ಕೆಳಗೆ ಗೋಣಿಚೀಲ ಹಾಸಿರಬೇಕು. ಎಡಕ್ಕೆ ಎಷ್ಟು ವಾಷರ್, ಬಲಕ್ಕೆ ಎಷ್ಟು ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮತ್ತೆ ಕೂರಿಸುವಾಗ ತಲೆನೋವಿಲ್ಲ.

ಬೋಲ್ಟ್ ಮುರಿದರೂ ಹೆದರಬೇಕಾಗಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳು, ಚಿಂತಾಮಣಿ, ಗೌರಿಬಿದನೂರಿನ ಕಡೆ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳು ಕೆಟ್ಟಾಗ ನೋಡಿಕೊಳ್ಳುವ ಲೇತ್, ವೆಲ್ಡಿಂಗ್ ಅಂಗಡಿಗಳಿವೆ. ಮುರಿದ ಬೋಲ್ಟ್ ತೆಗೆಯುವುದು, ಹೊಸ ಮರೆ ಹಾಕುವುದು ಅಲ್ಲಿನವರಿಗೆ ನಿತ್ಯದ ಕೆಲಸ.

ಮೇಲೆ ಮೇಲೆ ಹತ್ತಿದ ತುಕ್ಕಿಗೆ ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯ ಉಂಡೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು. ಅಲ್ಯುಮಿನಿಯಂ ಕ್ರೋಮಿಗಿಂತ ಮೆದು, ಗೀರು ಬೀಳದು. ಉಪ್ಪುಕಾಗದ ಮಾತ್ರ ಬೇಡ. ತಾಮ್ರ, ನಿಕಲ್‌ಗಳ ಮೇಲಿರುವ ಕ್ರೋಮಿನ ಪದರ ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತ ತೆಳು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದರೆ ತಕ್ಷಣ ಒಣಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತದೆ.

ಪಾಲಿಶ್ ಕಿತ್ತುಹೋಗಿ ಹೊಸದಾಗಿ ಪ್ಲೇಟಿಂಗ್ ಆಗಲೇಬೇಕಿದ್ದರೆ ಅದನ್ನು ಮನೆಯಲ್ಲಿ ಮಾಡಲು ಹೋಗಬಾರದು. ಸಾಂಪ್ರದಾಯಿಕ ಕ್ರೋಮ್ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೇ ಅದು ಸೇರಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದೆ, ಸಿಕ್ಕ ನೀರಿನಲ್ಲೂ ಫ್ಲೋರೈಡ್ ಕಂಡಿರುವ ಚಿಕ್ಕಬಳ್ಳಾಪುರ ಸೀಮೆಯ ತಾಲ್ಲೂಕುಗಳಲ್ಲಿ ಹಿತ್ತಲ ಚರಂಡಿಗೆ ತುಕ್ಕು ತೆಗೆಯುವ ಆ್ಯಸಿಡ್ ಸುರಿಯುವುದೂ ಅಪರಾಧಕ್ಕೆ ಸಮ. ತ್ಯಾಜ್ಯ ಸಂಸ್ಕರಣೆ ಇರುವ, ಪರವಾನಗಿ ಪಡೆದ ಘಟಕಕ್ಕೇ ಕೊಡಬೇಕು, ನಾಲ್ಕು ಕಾಸು ಹೆಚ್ಚಾದರೂ ಸರಿ.

ಹಳೆಯದನ್ನೇ ಉಳಿಸಿಕೊಳ್ಳಲು ಕಾನೂನಿನ ಕಾರಣವೂ ಇದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. 1974ರ ಪದ್ಮಿನಿಗೆ ಆಗಲೇ 50 ತುಂಬಿದೆ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು, ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಇನ್ನು ಉಳಿದಿರುವುದು ಮನೆಗಳಲ್ಲಿರುವಷ್ಟೇ.

ಮತ್ತೆ ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ಎರಡೂ ಬದಿಯ ಸಂದು ಅಳೆದು, ಆಮೇಲೆ ಬಿಗಿ ಮಾಡಿ. ಮರೆಗಳಿಗೆ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ. ಬಂಪರ್ ಇಲ್ಲದ ಗಾಡಿಯನ್ನು ನಂದಿ ಬೆಟ್ಟದ ಕಡೆಗಿರಲಿ, ಬೀದಿ ಕೊನೆಯವರೆಗೂ ಓಡಿಸಬೇಡಿ.