ನಮ್ಮ ಕೆರೆ ನೀರಿನ ಲೆಕ್ಕ ನಾವೇ ಬರೆಯೋಣ



ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ ದಾಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗೆ ಇಳಿಯುವ ಅರ್ಕಾವತಿ ಒಂದು ಕಾಲಕ್ಕೆ ಬೆಂಗಳೂರಿಗೇ ನೀರು ಕುಡಿಸಿದ ಹೊಳೆ. ಇವತ್ತು ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ನೀರಿಗೆ ದನ ಇಳಿಸಲೂ ಹೆದರುವ ಕಾಲ. ನಗರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ಕೆರೆ ಸೇರುತ್ತಿದೆ ಎಂದು ಈ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ.

ಹೋರಾಟ ನಿಲ್ಲಬಾರದು. ಆದರೆ ಅದರ ಕೈಯಲ್ಲಿ ಒಂದು ಪುಸ್ತಕವೂ ಇರಬೇಕು ಎನ್ನುವುದು ನಮ್ಮ ವಾದ. ಅಧಿಕಾರಿ ಬಂದು ಬಾಟಲಿಗೆ ಹಿಡಿದುಕೊಂಡು ಹೋಗುವುದು ಒಂದು ದಿನದ ನೀರು. ಜೋರು ಮಳೆಯ ಮಾರನೇ ದಿನ ಹಿಡಿದರೆ ವರದಿ ಒಂದು ಥರ, ರಾತ್ರೋರಾತ್ರಿ ಬಿಟ್ಟ ನೀರು ಬಂದಾಗ ಹಿಡಿದರೆ ಇನ್ನೊಂದು ಥರ. ವರ್ಷವೆಲ್ಲ ಏರಿ ಮೇಲೆ ಓಡಾಡುವವರು ನಾವು. ಕಂಡದ್ದನ್ನು ಬರೆದಿಡದೆ ಬರೀ ಬಾಯಲ್ಲಿ ಹೇಳಿದರೆ ಯಾವ ಕಚೇರಿಯ ಕಡತಕ್ಕೂ ಅದು ಏರುವುದಿಲ್ಲ.

ತಾರೀಖು, ಗಂಟೆ, ಯಾವ ತೂಬು, ಯಾವ ಕಾಲುವೆ, ಬಣ್ಣ, ವಾಸನೆ, ನೊರೆ, ಹಿಂದಿನ ದಿನ ಮಳೆ ಬಂದಿತ್ತೇ: ಇಷ್ಟು ಬರೆದರೆ ಸಾಕು, ಜೊತೆಗೊಂದು ಫೋಟೊ. ತಾರೀಖು ಮಾತ್ರ ತಪ್ಪಿಸಬೇಡಿ. ಮಾಲಿನ್ಯದ ವ್ಯಾಜ್ಯವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಒಯ್ಯಲು, ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳ ಗಡುವಿದೆ. ತಕ್ಕ ಕಾರಣ ತೋರಿಸಿದರೆ ಇನ್ನು 60 ದಿನ. 'ಬಹಳ ದಿನದಿಂದ ಹಿಂಗೇ ಐತೆ' ಅನ್ನುವ ಮಾತು ಅಲ್ಲಿ ನಮಗೇ ತಿರುಗಿ ಹೊಡೆಯುತ್ತದೆ.

ನೀರು ಚೆನ್ನಾಗಿದ್ದ ದಿನವನ್ನೂ ಬರೆಯಿರಿ. ಊರಿನದೇ ಚರಂಡಿ ಕೆರೆಗೆ ಬಿದ್ದರೆ ಅದನ್ನೂ ಬರೆಯಿರಿ. ನಮಗೆ ಬೇಕಾದದ್ದನ್ನಷ್ಟೇ ಬರೆದ ಪುಸ್ತಕವನ್ನು ಎದುರು ವಕೀಲರು ಐದು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಮನೆಮನೆಯ ಕಾಯಿಲೆಯನ್ನೂ ಕೇಳಿ ಬರೆಯಿರಿ, ಆದರೆ ಹೆಸರು ಬೇಡ. ಹೆಣ್ಣುಮಕ್ಕಳ ಮದುವೆ ಮಾತುಕತೆಗೆ ಕಾಯಿಲೆಯ ಸುದ್ದಿ ಅಡ್ಡ ಬರುವ ಊರುಗಳು ನಮ್ಮವು.

ನಾವೇನು ವಿಜ್ಞಾನಿಗಳೇ ಎಂದು ಕೇಳುವವರಿದ್ದಾರೆ. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಸಿಗಬೇಕು. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದೆಯೇ ಎಂದು ಅಂದಾಜಿಸಲು ಅದು ಸಾಕು. ಸೀಸ, ಕ್ರೋಮಿಯಂ ಅದಕ್ಕೆ ಸಿಕ್ಕುವುದಿಲ್ಲ, ಪ್ರಯೋಗಾಲಯವೇ ಬೇಕು. ಆದರೆ ಯಾವ ಜಾಗದ, ಯಾವ ಹೊತ್ತಿನ ನೀರು ಕಳಿಸಬೇಕು ಎಂದು ಹೇಳುವುದು ನಮ್ಮ ಪುಸ್ತಕವೇ.

ಜನರೇ ಬರೆದಿಟ್ಟ ಲೆಕ್ಕ ಗೆದ್ದ ಉದಾಹರಣೆಯೂ ಇದೆ. 1978ರಲ್ಲಿ ಅಮೆರಿಕದ ಲವ್ ಕೆನಾಲ್ ಬಡಾವಣೆಯಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ನೆರೆಹೊರೆಯವರೊಡನೆ ಮನೆಮನೆ ಸುತ್ತಿ ಕಾಯಿಲೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದರು. ನೆಲದಡಿ ಹೂತ ರಾಸಾಯನಿಕ ಹಳೇ ಹಳ್ಳಗಳ ಜಾಡಿನಲ್ಲೇ ಹಬ್ಬಿದೆ ಎಂಬ ಸುಳಿವು ಆ ನಕ್ಷೆಯಲ್ಲಿತ್ತು. ಅಧಿಕಾರಿಗಳು ಮೊದಲು ತಳ್ಳಿಹಾಕಿದರು. 1980ರಲ್ಲಿ ಅಲ್ಲಿನ ಸರ್ಕಾರ ನೂರಾರು ಕುಟುಂಬಗಳ ಸ್ಥಳಾಂತರಕ್ಕೆ ಹಣ ಕೊಡಬೇಕಾಯಿತು.

ಮುಂದಿನ ಗ್ರಾಮಸಭೆಗೆ ಪುಸ್ತಕ ತನ್ನಿ. ಎಲ್ಲರೆದುರು ಓದಿಸಿ, ನಡಾವಳಿಯಲ್ಲಿ ಬರೆಸಿ, ಪಿಡಿಒ ಸಹಿ ಹಾಕಿದ ನಕಲು ಪಡೆಯಿರಿ. ಪಂಚಾಯಿತಿಗೆ ಬಂದ ಕಿಟ್ ಯಾವ ಬೀರುವಿನಲ್ಲಿದೆ ಎಂದೂ ಅಲ್ಲೇ ಕೇಳಿ.