ಗಾಯಕ್ಕೆ ಲಿಂಬೆರಸ, ಅರಿಶಿನ ಹಚ್ಚಿದರೆ ಸಾಕೇ? ಸೂಕ್ಷ್ಮಾಣು ಕೊಲ್ಲುವುದೆಲ್ಲ ಔಷಧಿಯಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಲಿಂಬೆ ತೋಟದಲ್ಲಿ ಮುಳ್ಳು ಚುಚ್ಚುವುದು, ಹೊಲದಲ್ಲಿ ಕುಡಗೋಲು ತಗುಲುವುದು ಹೊಸದೇನಲ್ಲ. ಆಗ ಮೊದಲು ನೆನಪಾಗುವುದು ಅರಿಶಿನ ಅಥವಾ ಲಿಂಬೆರಸ. ಇವು ‘ಆಂಟಿಬ್ಯಾಕ್ಟೀರಿಯಲ್, ಆಂಟಿಆಕ್ಸಿಡೆಂಟ್’, ಹಾಗಾಗಿ ಬೇರೆ ಔಷಧಿ ಬೇಡ ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳೂ ಓಡಾಡುತ್ತವೆ. ಆ ಎರಡು ಪದಗಳು ಸುಳ್ಳಲ್ಲ. ತೀರ್ಮಾನ ಮಾತ್ರ ತಪ್ಪು.

ಲಿಂಬೆ, ಅರಿಶಿನದ ಮಿತಿ ಏನು?

2023ರಲ್ಲಿ ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆ ಊಟಕ್ಕೆ ಉತ್ತಮ. ಆದರೆ ಲಿಂಬೆಯ ಸಿಟ್ರಿಕ್ ಆಮ್ಲ ಸೂಕ್ಷ್ಮಾಣುವಿನ ಜೊತೆಗೆ ಗಾಯ ಮಾಯಿಸುವ ಜೀವಕೋಶಗಳಿಗೂ ಹಾನಿ ಮಾಡುತ್ತದೆ. ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳಬಹುದು. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತದೆ ನಿಜ. ಆದರೆ ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೇಲಾಗಿ ಅಡುಗೆಮನೆಯ ಪುಡಿ ಸೂಕ್ಷ್ಮಾಣುಮುಕ್ತವೂ ಅಲ್ಲ.

ವಿಜ್ಞಾನಿಗಳು ಹುಡುಕುತ್ತಿರುವುದೇನು?

ಸೂಕ್ಷ್ಮಾಣುವನ್ನು ಕೊಂದು ನಮ್ಮ ಜೀವಕೋಶವನ್ನು ಉಳಿಸುವ ವಸ್ತು. ಇದಕ್ಕೆ ಮಾದರಿ ನಮ್ಮ ಚರ್ಮದಲ್ಲೇ ಇದೆ: ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳು. ಇವುಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶ ಹೊಂದಿರುತ್ತವೆ. ಬ್ಯಾಕ್ಟೀರಿಯಾದ ಹೊರಪೊರೆಯದ್ದು ಋಣ ವಿದ್ಯುದಂಶ. ಹಾಗಾಗಿ ಪೆಪ್ಟೈಡ್ ಅದಕ್ಕೆ ಅಂಟಿಕೊಂಡು ಪೊರೆಯನ್ನು ಒಡೆಯುತ್ತದೆ. ನಮ್ಮ ಜೀವಕೋಶದ ಹೊರಮೈಯಲ್ಲಿ ಅಂಥ ಸೆಳೆತ ಕಡಿಮೆ.

ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಪೆಪ್ಟೈಡ್‌ಗಳನ್ನು ಅನುಕರಿಸುವ ಪುಟ್ಟ ಅಣುಗಳನ್ನು ತಯಾರಿಸಿದೆ. ಅದೇ ಸಂಸ್ಥೆಯ ಟಿ. ಗೋವಿಂದರಾಜು ಅವರ ತಂಡ ರೇಷ್ಮೆಯ ಪ್ರೋಟೀನ್‌ಗೆ ಮೆಲನಿನ್ ಬೆರೆಸಿ ಆಂಟಿಆಕ್ಸಿಡೆಂಟ್ ಗುಣದ ನವಿರಾದ ನಾರುಗಳನ್ನು ರೂಪಿಸಿದೆ. ಮಧುಮೇಹಿಗಳ ಗಾಯದಲ್ಲಿ ಅತಿಯಾಗುವ ಆಮ್ಲಜನಕದ ಉಗ್ರ ಅಣುಗಳು ಮಾಯುವಿಕೆಯನ್ನು ತಡೆಯುತ್ತವೆ. ಅದಕ್ಕೇ ಇಂಥ ಗುಣಕ್ಕೆ ಬೆಲೆ.

ಹಾದಿ ಸುಲಭವಲ್ಲ

ಮೆಡಿಕಲ್ ಶಾಪ್‌ನ ಕೆಲವು ಮುಲಾಮುಗಳಲ್ಲಿರುವ ಪಾಲಿಮಿಕ್ಸಿನ್ ಬಿ, ಬ್ಯಾಸಿಟ್ರಾಸಿನ್ ಕೂಡ ಪೆಪ್ಟೈಡ್‌ಗಳೇ. ಆದರೆ ಎಲ್ಲವೂ ಗೆದ್ದಿಲ್ಲ. 1987ರಲ್ಲಿ ಮೈಕೆಲ್ ಜಾಸ್ಲಾಫ್ ಆಫ್ರಿಕಾದ ಕಪ್ಪೆಯೊಂದರ ಚರ್ಮದಲ್ಲಿ ಮ್ಯಾಗೈನಿನ್ ಎಂಬ ಪೆಪ್ಟೈಡ್ ಗುರುತಿಸಿದರು. ಅದರಿಂದ ರೂಪಿಸಿದ ಪೆಕ್ಸಿಗನಾನ್ ಎಂಬ ಕ್ರೀಮನ್ನು ಮಧುಮೇಹಿಗಳ ಪಾದದ ಹುಣ್ಣಿನ ಮೇಲೆ ಪರೀಕ್ಷಿಸಲಾಯಿತು. ಇದ್ದ ಔಷಧಿಗಿಂತ ಮೇಲು ಎಂದು ಸಾಬೀತಾಗದ ಕಾರಣ 1999ರಲ್ಲಿ ಅಮೆರಿಕ ಅನುಮತಿ ನೀಡಲಿಲ್ಲ. ಗಾಯದಲ್ಲಿನ ಕಿಣ್ವಗಳು ಪೆಪ್ಟೈಡ್‌ಗಳನ್ನು ತುಂಡರಿಸಬಲ್ಲವು, ತಯಾರಿಕೆಯೂ ದುಬಾರಿ. ಇಷ್ಟು ಪರೀಕ್ಷೆಗೊಳಗಾದ ಅಣುವೇ ಸೋತಿರುವಾಗ, ‘ಆಂಟಿಬ್ಯಾಕ್ಟೀರಿಯಲ್’ ಎಂಬ ಒಂದೇ ಪದ ನಂಬಿ ಗಾಯಕ್ಕೆ ಏನನ್ನಾದರೂ ಹಚ್ಚುವುದು ಸರಿಯೇ?

ಗಾಯವಾದರೆ ಏನು ಮಾಡಬೇಕು?

- ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ.
- ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸೋಪು ಬಳಸಿ.
- ಒಣಗಿಸಿ, ಶುದ್ಧ ಪಟ್ಟಿ ಕಟ್ಟಿ.
- ಧನುರ್ವಾಯುವಿನ ಬೀಜಕಣ ಮಣ್ಣಿನಲ್ಲಿರುತ್ತದೆ. ಮುಳ್ಳು, ಕಬ್ಬಿಣ ಚುಚ್ಚಿದ್ದರೆ ಟಿಟಿ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಕೇಳಿ.
- ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಿನ ಗಾಯವಾದರೆ, ನೋವಿಲ್ಲದಿದ್ದರೂ ಅಂದೇ ವೈದ್ಯರಿಗೆ ತೋರಿಸಿ. ತಡವಾದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ಮುಂದಿನ ಬಾರಿ ಇಂಥ ಫಾರ್ವರ್ಡ್ ಬಂದರೆ ಒಂದೇ ಪ್ರಶ್ನೆ ಕೇಳಿ: ಇದು ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಾಣುವನ್ನು ಕೊಂದಿತೇ, ಮನುಷ್ಯರ ಗಾಯವನ್ನು ಮಾಯಿಸಿತೇ?